ಬಾಂದ್ರಾದಲ್ಲಿ ಬಿಡಬೇಕಿದ್ದ ಸೀಟು

ಎರಡು ವರ್ಷದಿಂದ ನಾವು ಫಿನ್ಲೆಂಡಿನಲ್ಲಿದ್ದೇವೆ. ಆಫೀಸಿನವರು ಯಜಮಾನರನ್ನು ಎಲ್ಲಿಗೆ ಕಳಿಸಿದರೂ ನಾನೂ ಜೊತೆಗೆ ಹೊರಡುತ್ತೇನೆ. ಈ ಸಲ ಮುಂಬಯಿ. ಮಲಾಡಿನ ಚಿಕ್ಕಮ್ಮನ ಮನೆಯಲ್ಲಿ ಊಟ ಮುಗಿಸಿ, ಬಾಂದ್ರಾದ ಹೋಟೆಲಿಗೆ ಮರಳಲು ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು.

ಮೆಂತ್ಯದ ಸೊಪ್ಪಿನ ಚೀಲ ಹಿಡಿದು ಎದುರಿಗೆ ನಿಂತಿದ್ದ ಹೆಂಗಸು, ಎಲ್ಲಿ ಇಳಿಯುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಫಿನ್ಲೆಂಡಿನ ರೈಲಿನಲ್ಲಿ ನನ್ನನ್ನು ಯಾರೂ ಮಾತಾಡಿಸಿದ್ದೇ ಇಲ್ಲ. ಸಂತೋಷದಿಂದ ಬಾಂದ್ರಾ ಎಂದೆ, ಯಜಮಾನರ ಮೀಟಿಂಗಿನ ಸಮಾಚಾರವನ್ನೂ ಸೇರಿಸಿದೆ. ಆಕೆಗೆ ಬೇಕಾಗಿದ್ದದ್ದು ಬಾಂದ್ರಾ ಮಾತ್ರ. "ಠೀಕ್ ಹೈ, ಫಿರ್ ಮೈಂ ಬೈಠೂಂಗಿ," ಎಂದು ನನ್ನ ಸೀಟನ್ನು ಆಗಲೇ ತಮ್ಮದಾಗಿಸಿಕೊಂಡರು. ಇಳಿಯುವವರ ಸೀಟನ್ನು ಹೀಗೆ ಮೊದಲೇ ಕಾಯ್ದಿರಿಸಿಕೊಳ್ಳುವುದು ಇಲ್ಲಿನ ಪದ್ಧತಿಯಂತೆ.

ಅಂಧೇರಿಯಲ್ಲಿ ಯಜಮಾನರ ಫೋನು. "ಮೀಟಿಂಗ್ ಮುಗೀತು ಕಣೇ. ಸೀದಾ ಚರ್ಚ್‌ಗೇಟಿಗೇ ಬಂದ್ಬಿಡು, ಕೊನೇ ಸ್ಟೇಷನ್ನು."

ನನಗೋ ಮಂಡಿನೋವು. ಅಷ್ಟು ದೂರ ನಿಲ್ಲುವುದೆಂದರೆ! ಜನರ ನಡುವೆ ಕೂತೇ ಕನ್ನಡದಲ್ಲಿ ಗುಟ್ಟು ಹೇಳುವುದು ಹೊರದೇಶದಲ್ಲಿ ಅಂಟಿದ ಅಭ್ಯಾಸ. ಧೈರ್ಯವಾಗಿ ಹೇಳಿದೆ: "ರೀ, ಬಾಂದ್ರಾದಲ್ಲಿ ಸೀಟು ಬಿಡ್ತೀನಿ ಅಂತ ಎದುರಿಗಿರೋ ಹೆಂಗಸಿಗೆ ಹೇಳ್ಬಿಟ್ಟಿದೀನಿ. ಪರವಾಗಿಲ್ಲ, ನಿದ್ದೆ ಬಂದ ಹಾಗೆ ಕಣ್ಣು ಮುಚ್ಕೊಂಡ್ಬಿಡ್ತೀನಿ."

ಫೋನಿಟ್ಟು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಆಕೆ ನನ್ನ ಭುಜವನ್ನು ಮೆತ್ತಗೆ ತಟ್ಟಿದರು.

"ಆರಾಮ ನಿದ್ದಿ ಮಾಡ್ರಿ ಅಕ್ಕಾರ. ಬಾಂದ್ರಾ ಬಂತಂದ್ರ ನಾನ ಎಬ್ಬಸ್ತೀನಿ."