ನನ್ನ ಮೈಮೇಲೆ ಮೊದಲು ಬಂದ ಕಲೆಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದವಳು ನಾನು. ಇಳಕಲ್ಲಿನ ನನ್ನ ತವರುಮನೆಯಲ್ಲಿ ಮಗ್ಗದ ಪಕ್ಕ ಕುಳಿತು ನೂಲು ಸುತ್ತುವಾಗ ಚಿಕ್ಕವ್ವ ಹೇಳುತ್ತಿದ್ದ ಕಥೆಗಳೆಲ್ಲ ಹೀಗೇ ಇರುತ್ತಿದ್ದವು. ಅಕ್ಕನಿಗೆ ಚೇಳು ಕಡಿದರೆ ದೂರದ ಊರಿನಲ್ಲಿದ್ದ ತಂಗಿಯ ಕಾಲು ಉರಿಯಿತಂತೆ, ಹೀಗೆ. ಮದುವೆಯಾಗಿ ಹುನಗುಂದಕ್ಕೆ ಬಂದ ಮೇಲೆ ನನ್ನ ಅಪನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ನಮ್ಮವರು ಅಲ್ಲಿಯ ಕನ್ನಡ ಸಾಲೆಯಲ್ಲಿ ಮಾಸ್ತರರು. ನನಗೆ ಓದುಬರಹ ಕಲಿಸಿದವರೂ ಅವರೇ. ಕಣ್ಣಿಗೆ ಕಂಡದ್ದನ್ನೂ ಇನ್ನೊಮ್ಮೆ ನೋಡಿ ಆಮೇಲೆ ನಂಬುವ ಮನುಷ್ಯ. ಅಂಥವರ ಹೆಂಡತಿಯಾದ ನಾನು ಈಗ ಬರೆಯುತ್ತಿರುವುದು ಬೇರೆಯವರಿಂದ ಕೇಳಿದ್ದಲ್ಲ, ನನ್ನ ಮೈಮೇಲೆಯೇ ಆದದ್ದು. ಅದರಲ್ಲಿ ನನ್ನದೇನೂ ತಪ್ಪಿರಲಿಲ್ಲ. ಆದರೂ ಹೇಳಲು ಹೊರಟರೆ ಈ ವಯಸ್ಸಿನಲ್ಲಿಯೂ ಮುಖ ಬಿಸಿಯಾಗುತ್ತದೆ.

ಪ್ಲೇಗು ಬಂದು ಹೋಗಿ ಕೆಲವು ವರ್ಷಗಳಾಗಿದ್ದವು. ಮೈಮೇಲೆ ಎಲ್ಲಿಯಾದರೂ ಗಡ್ಡೆ ಎಂದರೆ ಜನ ಇನ್ನೂ ಬೆಚ್ಚಿಬೀಳುತ್ತಿದ್ದ ಕಾಲ. ಮಾಸ್ತರರಿಗೆ ಮೊದಲು ಬಾವು ಬಂದದ್ದು ಯಾರಿಗೂ ತೋರಿಸಲಾಗದ, ಬಾಯಿಬಿಟ್ಟು ಹೇಳಲೂ ಆಗದ ಜಾಗದಲ್ಲಿ. ಅವರು ಅದನ್ನು ನನಗೂ ಹೇಳಲಿಲ್ಲ. ನಡಿಗೆ ಬದಲಾದದ್ದನ್ನು ನೋಡಿ ನಾನೇ ಊಹಿಸಿದೆ. ಆಮೇಲೆ ವಸಡು ಊದಿಕೊಂಡಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ತುತ್ತಿಗೆ ರಕ್ತ ಹತ್ತುತ್ತಿತ್ತು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಯಿತು. ಪ್ಲೇಗು ಆಗಿದ್ದರೆ ಇಷ್ಟು ದಿನ ಇಡುತ್ತಿರಲಿಲ್ಲ ಎಂದು ಎಲ್ಲರಿಗೂ ಸಮಾಧಾನವಾಗುವ ಹೊತ್ತಿಗೆ, ಅತ್ತೆಯವರು ಕರೆಸಿದ ವೈದ್ಯರು ಬಾಗಿಲು ಹಾಕಿಕೊಂಡು ಅವರನ್ನು ನೋಡಿದರು. ಹೊರಗೆ ಬಂದು ಕೈ ತೊಳೆದುಕೊಳ್ಳುತ್ತ, "ಗರ್ಮಿ ಆಗೇತಿ," ಎಂದರು.

ಗರ್ಮಿ ಎಂದರೆ ಸೂಳೆಯರ ಮನೆಗೆ ಹೋಗಿಬಂದವರಿಗೆ ಆಗುವ ರೋಗ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಮಾತು ನಮ್ಮ ಪಡಸಾಲೆಯಿಂದ ಬಾವಿಯ ಕಟ್ಟೆಗೆ ಹೇಗೆ ಹೋಯಿತೋ ತಿಳಿಯದು. ನಾನು ಕೊಡ ಇಟ್ಟರೆ ಪಕ್ಕದವಳು ತನ್ನ ಕೊಡ ಸರಿಸಿಕೊಳ್ಳುವಂತಾಯಿತು. ಮಕ್ಕಳ ತಂದೆತಾಯಂದಿರು ಆಡಿಕೊಂಡರು. ಕಡೆಗೆ ಮಾಸ್ತರರು ತಾವಾಗಿಯೇ ಸಾಲೆಗೆ ಹೋಗುವುದನ್ನು ಬಿಟ್ಟರು. ಮಗ ಅಂಥವನಲ್ಲ ಎಂದು ಅತ್ತೆಯವರಿಗೆ ಗಟ್ಟಿ ನಂಬಿಕೆ. ಹಾಗಾದರೆ ರೋಗ ಎಲ್ಲಿಂದ ಬಂತು? ಶ್ರಾವಣದಲ್ಲಿ ನಾನು ಇಳಕಲ್ಲಿಗೆ ಹೋಗಿ ಬಹಳ ದಿನ ಇದ್ದು ಬಂದದ್ದು ಅವರಿಗೆ ನೆನಪಾಯಿತು.

"ನಾ ಏನೂ ಅನ್ನೂದಿಲ್ಲವ್ವಾ," ಎಂದರು ಒಂದು ಮುಂಜಾನೆ, ನನ್ನ ಮುಖ ನೋಡದೆ. "ಇನ್ನ ಮ್ಯಾಲ ನೀ ಅಡಗಿಮನ್ಯಾಗ ಹಾಸಗೊ. ಅವನ ಕಡೆ ಹೋಗಬ್ಯಾಡ."

ಅಂದಿನಿಂದ ನಾನು ಮಾಸ್ತರರನ್ನು ಮುಟ್ಟಲಿಲ್ಲ. ಗಂಜಿಯ ಬಟ್ಟಲನ್ನೂ ಅತ್ತೆಯವರೇ ಒಯ್ದು ಕೊಡುತ್ತಿದ್ದರು. ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಡಾಕ್ಟರರು ಹೇಳಿದ ವಿವರಣೆ ಇಲ್ಲಿಯೇ ಮುರಿದುಬೀಳುತ್ತದೆ.

ನಮ್ಮವರ ಅಣ್ಣ, ನನಗೆ ಭಾವನವರು, ಬದಾಮಿಯಲ್ಲಿ ಇದ್ದರು. ಕಡಿಮೆ ಮಾತಿನ ಮನುಷ್ಯ. ಸುದ್ದಿ ಕೇಳಿ ಬಂದು ತಮ್ಮನನ್ನು ನೋಡಿದವರೇ ಎತ್ತಿನ ಚಕ್ಕಡಿ ಕಟ್ಟಿಸಿದರು. ಬಾಗಲಕೋಟೆಗೆ ಹೋಗಿ ರೈಲು ಹತ್ತಿ ಸೊಲ್ಲಾಪುರದ ದವಾಖಾನೆಗೆ ಹೋದೆವು. ಹೆಂಡತಿಯನ್ನೂ ಪರೀಕ್ಷಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರಿಂದ ನನ್ನನ್ನೂ ಕರೆದೊಯ್ದರು. ರೈಲಿನಲ್ಲಿ ನಾನು ಒಂದು ಮೂಲೆಯಲ್ಲಿ, ಮಾಸ್ತರರು ಇನ್ನೊಂದು ಮೂಲೆಯಲ್ಲಿ. ನಡುವೆ ಭಾವನವರು ಗಂಟು ಹಿಡಿದುಕೊಂಡು ಕುಳಿತಿದ್ದರು.

ಅಲ್ಲಿಯ ಡಾಕ್ಟರರು ಧಾರವಾಡದ ಕಡೆಯವರು, ಕನ್ನಡ ಮಾತಾಡುತ್ತಿದ್ದರು. ಮಾಸ್ತರರ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡು ಒಳಗೆ ಹೋದರು. ನನ್ನನ್ನು ನರ್ಸಬಾಯಿ ಬೇರೆ ಕೋಣೆಗೆ ಕರೆದೊಯ್ದಳು. ಆಕೆ ಒರಟು ಹೆಂಗಸಲ್ಲ. ಆದರೂ ಹಾಡುಹಗಲಿನಲ್ಲಿ, ಪರವೂರಿನಲ್ಲಿ, ಗುರುತಿಲ್ಲದವರ ಮುಂದೆ ಸೀರೆ ಬಿಚ್ಚಿ ನಿಲ್ಲುವುದೆಂದರೆ ಏನೆಂದು ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

"ಇದೇನವ್ವಾ?" ಎಂದಳು ಆಕೆ.

ಕಣ್ಣು ತೆರೆದು ನೋಡಿದೆ. ಎದೆಯ ನಡುವಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಷ್ಟು ಅಗಲದ ಒಂದು ಕಲೆ. ಹಳೆಯ ಪೆಟ್ಟು ಮಾಯುವಾಗ ಇರುತ್ತದಲ್ಲ, ಅಂಥ ಹಸಿರು. ಎಡತೊಡೆಯ ಒಳಬದಿಯಲ್ಲಿ ಅಂಥದೇ ಇನ್ನೊಂದು. ಆಕೆ ನನ್ನನ್ನು ತಿರುಗಿಸಿ ಬೆನ್ನುಹುರಿಯ ಪಕ್ಕದಲ್ಲಿ ಒಂದನ್ನು, ಕೂದಲು ಸರಿಸಿ ಬಲಗಿವಿಯ ಹಿಂದೆ ಇನ್ನೊಂದನ್ನು ಮುಟ್ಟಿ ತೋರಿಸಿದಳು. ಮುಂಜಾನೆ ನಾವು ಇಳಿದುಕೊಂಡಿದ್ದ ಛತ್ರದಲ್ಲಿ ಮೈ ತೊಳೆದುಕೊಂಡಾಗ ಎದೆಯ ಮೇಲಾಗಲಿ ತೊಡೆಯ ಮೇಲಾಗಲಿ ಏನೂ ಇರಲಿಲ್ಲ. ನೋವೂ ಇರಲಿಲ್ಲ. ನಾನು ಉಟ್ಟಿದ್ದು ಹಸಿರು ಇಳಕಲ್ಲ ಸೀರೆ. ಬೆವರಿಗೆ ಬಣ್ಣ ಬಿಟ್ಟಿರಬೇಕು ಎಂದೆ. ಆಕೆಗೂ ಹೌದೆನಿಸಿ ಬಟ್ಟೆ ಒದ್ದೆ ಮಾಡಿ ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಕಲೆ ಹೋಗಲಿಲ್ಲ.

"ಗಂಡ ಹೊಡಿತಾನೇನ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಆಕೆ ನಂಬಲಿಲ್ಲ. ಇಲ್ಲ ಎಂದು ಹೇಳುವ ಹೆಂಗಸರನ್ನು ಆಕೆ ಎಷ್ಟು ಜನರನ್ನು ನೋಡಿದ್ದಳೋ.

ನನ್ನಲ್ಲಿ ಯಾವ ರೋಗವೂ ಇಲ್ಲವೆಂದು ಆಕೆ ಡಾಕ್ಟರರಿಗೆ ಹೇಳಿದಳು. ಕಲೆಗಳ ಮಾತನ್ನೂ ಹೇಳಿದಳು. ಡಾಕ್ಟರರು ಭಾವನವರ ಎದುರಿಗೇ ಮಾಸ್ತರರನ್ನು ಕೇಳಿಬಿಟ್ಟರು. "ಹೆಂಡತಿ ಮ್ಯಾಲ ಕೈ ಮಾಡ್ತೀರೇನ್ರಿ?"

ಸಾಲೆಯಲ್ಲಿ ಹುಡುಗರನ್ನು ಸಹ ಬೆತ್ತದಿಂದ ಮುಟ್ಟದ ಮನುಷ್ಯ. ರೋಗದ ಅಪವಾದವನ್ನು ಅಷ್ಟು ದಿನ ಬಾಯಿಮುಚ್ಚಿ ಹೊತ್ತಿದ್ದರು. ಈ ಮಾತಿಗೆ ಮಾತ್ರ ಅವರ ಕಣ್ಣಿಂದ ಬಳಬಳನೆ ನೀರು ಇಳಿಯಿತು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಮೈಯೇ ಅವರ ಮೇಲೆ ಸುಳ್ಳುಸಾಕ್ಷಿ ಹೇಳಿದ ಹಾಗಾಗಿತ್ತು. ಆ ಹೊತ್ತು ನಾನು ಅನುಭವಿಸಿದ ಅವಮಾನ, ಆ ಕೋಣೆಯಲ್ಲಿ ಬೆತ್ತಲೆ ನಿಂತಾಗಿನದಕ್ಕಿಂತ ದೊಡ್ಡದು.

ಆಮೇಲೆ ಡಾಕ್ಟರರು ರೋಗದ ವಿಷಯ ಹೇಳಿದರು. "ಇದು ಗರ್ಮಿ ಅಲ್ಲ. ರಕ್ತದ ಬ್ಯಾನಿ. ರಕ್ತದಾಗ ಬಿಳಿ ಕಣ ಅಂತ ಇರ್ತಾವು. ಎಲುಬಿನೊಳಗಿನ ಮಜ್ಜಿಯಾಗ ಹುಟ್ಟಿ ರಕ್ತದಾಗ ಹರಿದಾಡ್ತಾವು. ಇವರಿಗೆ ಅವು ಮಿತಿ ಮೀರಿ ಬೆಳದಾವು. ಬೆಳದು ಅಲ್ಲೇ ನಿಂದ್ರೂದಿಲ್ಲ. ರಕ್ತ ಬಿಟ್ಟು ಹೊರಗ ಬಂದು ವಸಡಿನ್ಯಾಗ, ಚರ್ಮದ ಕೆಳಗ, ಎಲುಬಿನ ಮ್ಯಾಲ, ಎಲ್ಲಿ ಬೇಕಲ್ಲೆ ಮನಿ ಮಾಡ್ತಾವು. ಮೊದಲ ಬಂದ ಬಾವೂ ಅದ. ಇದರಾಗ ಯಾರ ನಡತಿದೂ ಏನೂ ಇಲ್ಲ."

"ಇನ್ನೊಮ್ಮೆ ಹೇಳ್ರಿ," ಎಂದರು ಭಾವನವರು. "ನಮ್ಮವ್ವಗ ಇದ್ದಂಗ ಹೇಳಬೇಕು ನಾ."

ಡಾಕ್ಟರರು ಇನ್ನೊಮ್ಮೆ ಹೇಳಿದರು. ಔಷಧವಿದೆಯೇ ಎಂದು ಕೇಳಿದಾಗ, ಹನಿ ಹನಿ ಕುಡಿಯುವ ಒಂದು ಔಷಧವಿದೆ, ಅದರಿಂದ ಸ್ವಲ್ಪ ದಿನ ತಡೆಯಬಹುದು, ಅಷ್ಟೇ ಎಂದರು.

ಕೆಲವು ದಿನ ಅಲ್ಲಿಯೇ ಇರಿಸಿಕೊಂಡರು. ಒಂದು ಮುಂಜಾನೆ ನರ್ಸಬಾಯಿ ಮಾಸ್ತರರ ತಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಹತ್ತಿರ ಕರೆದಳು. ಅವರ ಬಲಗಿವಿಯ ಹಿಂದೆ ಹೊಸದೊಂದು ಗಂಟು ಎದ್ದಿತ್ತು, ಅದರ ಮೇಲಿನ ಚರ್ಮಕ್ಕೆ ನಸುಹಸಿರು. ಆಕೆ ನನ್ನ ಕೂದಲು ಸರಿಸಿದಳು. ನನ್ನ ಕಿವಿಯ ಹಿಂದೆ ಏನೂ ಉಳಿದಿಲ್ಲ ಎಂದಳು. ಮರುದಿನ ಅವರ ಎದೆಯ ಎಲುಬಿನ ಮೇಲೆ ಗಂಟು ಕಾಣಿಸಿತು. ನಾನು ಮೂಲೆಗೆ ಹೋಗಿ ಕುಪ್ಪಸದೊಳಗೆ ನೋಡಿಕೊಂಡೆ. ಎದೆಯ ಕಲೆ ಹೋಗಿತ್ತು. ಅಂದಿನಿಂದ ನರ್ಸಬಾಯಿ ನನ್ನ ಹತ್ತಿರ ಬರುವುದನ್ನು ಕಡಿಮೆ ಮಾಡಿದಳು.

ಡಾಕ್ಟರರಿಗೆ ಇದನ್ನು ಹೇಳಿದವಳೂ ಆಕೆಯೇ. ಇಂಥ ಬಾವು ಒಮ್ಮೊಮ್ಮೆ ಹಸಿರಾಗಿರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದರಂತೆ, ಕಣ್ಣಿಂದ ನೋಡಿದ್ದು ಅದೇ ಮೊದಲು. ನನ್ನ ಕಲೆಗಳ ಬಗ್ಗೆ ಅವರು ಕಂಡುಕೊಂಡ ಸಮಾಧಾನ ಇದು. "ನೀವು ಎಣ್ಣಿ ಹಚ್ಚೂ ಮುಂದ ಗಂಟು ಕೈಗೆ ಹತ್ತಿರಬೇಕು. ನಿಮಗ ತಿಳೀಲಾರದ ಮನಸಿನ್ಯಾಗ ಉಳದಿರಬೇಕು. ನೀವ ನಿಮ್ಮ ಮೈ ಆ ಜಾಗಾದಾಗ ಒತ್ತಿಕೊಂಡಿರಬೇಕು."

ಎಷ್ಟೋ ತಿಂಗಳಿಂದ ಗಂಡನನ್ನು ಮುಟ್ಟಿಯೇ ಇಲ್ಲ ಎಂದು ಪರಗಂಡಸಿನ ಮುಂದೆ ನಾನು ಹೇಗೆ ಹೇಳಲಿ? ನೆಲ ನೋಡುತ್ತ ನಿಂತೆ. ನನ್ನ ಬದಲು ಮಂಚದಿಂದ ಮಾಸ್ತರರೇ ಹೇಳಿದರು. "ಆಕಿ ನನ್ನ ಹತ್ರ ಬರೂದಿಲ್ರಿ. ಬರಗೊಟ್ಟಿಲ್ಲ ನಮ್ಮ ಮನ್ಯಾಗ." ಡಾಕ್ಟರರು ಮುಂದಿನ ಮಂಚಕ್ಕೆ ಹೋದರು.

ಸಂಜೆ ನಾವಿಬ್ಬರೇ ಇದ್ದಾಗ, "ಹಂಗ ಆಗಾಕ ಬರೂದಿಲ್ಲ," ಎಂದರು ಅವರು, ಪಾಟಿಯ ಮೇಲಿನ ತಪ್ಪು ಲೆಕ್ಕ ನೋಡಿ ಹೇಳುವ ದನಿಯಲ್ಲಿ. ಆಮೇಲೆ, "ಆ ಕಲಿ ಇನ್ನ ಎಲ್ಲೆ ಅದಾವು?" ಎಂದು ಕೇಳಿದರು.

"ಬೆನ್ನಿಗೆ ಒಂದ ಐತ್ರಿ," ಎಂದೆ. ತೊಡೆಯದನ್ನು ಹೇಳಲು ಬಾಯಿ ಬರಲಿಲ್ಲ.

ಹುನಗುಂದಕ್ಕೆ ಮರಳಿದ ದಿನ ಭಾವನವರು ಅತ್ತೆಯವರನ್ನು ಕೂರಿಸಿಕೊಂಡು ಡಾಕ್ಟರರ ಮಾತನ್ನು ಒಂದೂ ಬಿಡದೆ ಹೇಳಿದರು. ಅತ್ತೆಯವರು ಕೇಳಿದವರೇ ಎದ್ದು ಅಡಿಗೆಮನೆಗೆ ಹೋದರು. ನನ್ನ ಹಾಸಿಗೆಯನ್ನು ತಾವೇ ಎತ್ತಿ ತಂದು ಮಗನ ಮಂಚದ ಪಕ್ಕದಲ್ಲಿ ಹಾಸಿದರು. ಆಮೇಲೆ ನನಗೆ ಎರೆಯುವುದಕ್ಕೆ ನೀರು ಕಾಯಿಸಿದರು. ಬೆನ್ನು ಉಜ್ಜುತ್ತ, "ಇದೇನ ಕಲಿ ಐತೆವ್ವಾ ಇಲ್ಲೆ?" ಎಂದರು. ಏನೋ ತಾಗಿರಬೇಕು ಎಂದೆ. ಮುಂದಿನ ವಾರ ಎರೆಯುವಾಗ, "ಹೋಗೇತಿ ನೋಡು," ಎಂದು ಅವರೇ ಸಂತೋಷದಿಂದ ಹೇಳಿದರು. ಅದೇ ವಾರ ಮಾಸ್ತರರ ಬೆನ್ನು ಅದೇ ಜಾಗದಲ್ಲಿ ನೋಯಲು ಹತ್ತಿ, ಕಾಲುಗಳು ಸೆಟೆದು, ಸ್ವಾಧೀನ ತಪ್ಪಿದವು. ಮತ್ತೆ ಅವರು ನಿಲ್ಲಲಿಲ್ಲ.

ತೊಡೆಯ ಮೇಲಿನದು ಮಾತ್ರ ಇತ್ತು. ಸ್ನಾನ ಮಾಡುವಾಗಲೆಲ್ಲ ನೋಡಿಕೊಳ್ಳುತ್ತಿದ್ದೆ. ಅದು ಇರುವ ತನಕ ಅವರು ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಯಾರೂ ಹೇಳಿಕೊಟ್ಟದ್ದಲ್ಲ. ಅವರ ಮೈ ಒರೆಸಿ ಬಟ್ಟೆ ಬದಲಿಸುವ ಕೆಲಸಕ್ಕೆ ನನ್ನನ್ನು ಅವರು ಕಡೆಯತನಕ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆ ಮೊದಲನೆಯ ಬಾವಿನ ಸಂಕೋಚ ಅವರನ್ನು ಬಿಡಲೇ ಇಲ್ಲ. ಅಣ್ಣನೇ ಬರಬೇಕು. ಭಾವನವರು ಬದಾಮಿಯ ಮನೆ ಬಿಟ್ಟು ನಮ್ಮಲ್ಲೇ ಇದ್ದರು.

ಒಂದು ಮಧ್ಯಾಹ್ನ ಮಾಸ್ತರರು ತೀರಿಕೊಂಡರು. ಭಾವನವರೇ ಮುಂದೆ ನಿಂತು ಮೈ ತೊಳೆದು, ವಿಭೂತಿ ಹಚ್ಚಿ, ಕೂಡಿಸಿದರು. ಎಲ್ಲ ಮುಗಿದ ಮೇಲೆ ಹೆಂಗಸರು ನನ್ನನ್ನು ಬಚ್ಚಲಿಗೆ ಕರೆದೊಯ್ದು ನೀರು ಹಾಕಿದರು. ಆಗ ನೋಡಿಕೊಂಡೆ. ಮುಂಜಾನೆ ಇದ್ದ ಕಲೆ ಇರಲಿಲ್ಲ.

ಹಾಗಾದರೆ ಅವರ ತೊಡೆಯ ಮೇಲೂ ಗಂಟು ಎದ್ದಿತ್ತೆ? ಎದ್ದಿದ್ದರೆ ನೋಡಿದವರು ಭಾವನವರೊಬ್ಬರೇ. ಗಂಡನನ್ನು ಕಳೆದುಕೊಂಡ ಹೆಂಗಸು ಭಾವನನ್ನು ಕೇಳುವ ಪ್ರಶ್ನೆಯೇ ಅದು? ವರ್ಷಗಟ್ಟಲೆ ಒಂದೇ ಮನೆಯಲ್ಲಿ ಇದ್ದೆವು. ಅವರಿಗೆ ನಾನು ರೊಟ್ಟಿ ಬಡಿದು ಹಾಕಿದೆ. ಅತ್ತೆಯವರೂ ಹೋದರು. ಒಂದು ಸಂಜೆ ಪಡಸಾಲೆಯಲ್ಲಿ ನಾನು ಜೋಳ ಹಸನು ಮಾಡುತ್ತಿದ್ದೆ. ಭಾವನವರು ಕಂಬಕ್ಕೆ ಒರಗಿ ಕುಳಿತಿದ್ದವರು, "ತಂಗಿ, ಅವತ್ತ ತಮ್ಮನ ಮೈ ತೊಳಿಯೂ ಮುಂದ ನಾ ಒಂದ..." ಎಂದು ಶುರು ಮಾಡಿದರು. ನನ್ನ ಮೈಯೆಲ್ಲ ಬಿಸಿಯಾಯಿತು. ಕೈ ತಾನಾಗಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಿತು. ಅವರು ಅದನ್ನು ಕಂಡು ಮುಖ ತಿರುಗಿಸಿದರು. ಅವರ ಕಿವಿಗಳೂ ಕೆಂಪಾಗಿದ್ದವು. "ಏನಿಲ್ಲ ಬಿಡವ್ವಾ," ಎಂದು ಎದ್ದು ಹೊರಗೆ ಹೋದರು.

ಅವರು ತೀರಿಕೊಂಡೂ ಬಹಳ ಕಾಲವಾಯಿತು. ಏನು ಹೇಳಲು ಹೊರಟಿದ್ದರೋ ನನಗೆ ಗೊತ್ತಿಲ್ಲ.