ಕುಸುಬಿ ಎಣ್ಣೆಯಲ್ಲಿ ಕಾಣದಾದ ಜಿಂಕೆ

ಬೈಲಹೊಂಗಲದ ಗುರವ್ವನಿಗೆ ಬಂಗಾರದ ಆಸೆ ಇರಲಿಲ್ಲ, ರೇಷ್ಮೆ ಸೀರೆಯ ಹಂಬಲವೂ ಅಷ್ಟಕ್ಕಷ್ಟೇ. ಹಿರಿಯ ಸೊಸೆಯಾಗಿ ಆ ಮನೆಗೆ ಬಂದು ಹದಿನಾಲ್ಕು ವರ್ಷ, ಅತ್ತೆ ಕೆಂಚವ್ವನ ಮಾತನ್ನೆಲ್ಲ ತುಟಿ ಬಿಚ್ಚದೆ ನುಂಗಿಕೊಂಡವಳು. ಅಂಥ ಗಟ್ಟಿಗಿತ್ತಿಯ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಗೇಣುದ್ದವೂ ಇಲ್ಲದ ಒಂದು ಗಾಜಿನ ಬಾತುಕೋಳಿ ಎಂದರೆ ನೀವು ನಗಬಹುದು. ನಗಿ. ಅವಳ ಜಾಗದಲ್ಲಿ ನಿಂತು ನೋಡಿದ್ದರೆ ನಿಮಗೂ ನಗು ಬರುತ್ತಿರಲಿಲ್ಲ.

ಆ ಬಾತುಕೋಳಿ ಬಂದದ್ದು ತೊಂಬತ್ನಾಲ್ಕರ ನಾಗರಪಂಚಮಿಗೆ. ಗುರವ್ವನ ಮೈದುನನ ಹೆಂಡತಿ ಮೀನಾ ಆಗ ಹೊಸ ಸೊಸೆ. ತಂಗಿಯನ್ನು ಹಬ್ಬಕ್ಕೆ ತವರಿಗೆ ಕರೆದೊಯ್ಯಲು ಮನೋಳಿಯಿಂದ ಬಂದ ನಿಂಗರಾಜ, ಉಂಡಿಯ ಡಬ್ಬಿಯ ಜೊತೆಗೆ ಅರಿವೆಯಲ್ಲಿ ಸುತ್ತಿದ ಒಂದು ಗಂಟನ್ನೂ ತಂದಿದ್ದ. ಬಿಚ್ಚಿದರೆ ಬಾತುಕೋಳಿ. ದುಬೈಯದು ಅಂದ. ಅವನು ದುಬೈಯಲ್ಲಿ ಕೆಲಸಕ್ಕಿದ್ದಾನೆಂದು ಅವನ ಅಪ್ಪ ಮನೋಳಿಯ ತುಂಬ ಡಂಗುರ ಹೊಡೆದಿದ್ದ. ಮರುವರ್ಷದ ಪಂಚಮಿಗೆ ಆನೆ ಬಂತು, ಆಮೇಲೆ ಕುದುರೆ, ಆಮೇಲೆ ಮೊಲ. ತೊಂಬತ್ತೆಂಟರಲ್ಲಿ ಬಂದದ್ದು ಜಿಂಕೆ. ನೀರಿನಷ್ಟು ತಿಳಿಯಾದ ಮೈ, ಕಡ್ಡಿಯಂಥ ಕಾಲು, ಸಾಸಿವೆ ಕಾಳಿನಷ್ಟು ಎರಡು ಕಪ್ಪು ಕಣ್ಣು.

ಪಡಸಾಲೆಯ ಶೋಕೇಸಿನ ಮೇಲಿನ ಖಾನೆ ಮೊದಲಿಂದ ಗುರವ್ವನದು. ಅವಳು ತಾನೇ ಮಣಿ ಪೋಣಿಸಿ ಮಾಡಿದ ಗಿಳಿಗಳು ಅಲ್ಲಿದ್ದವು. ಗಾಜಿನ ಪ್ರಾಣಿಗಳು ಒಂದೊಂದಾಗಿ ಬಂದಂತೆ ಗಿಳಿಗಳು ಒಂದೊಂದಾಗಿ ಕೆಳಗಿಳಿದು ಕೊನೆಗೆ ಹಳೆಯ ಕ್ಯಾಲೆಂಡರುಗಳ ಪಕ್ಕ ಕೂತವು. ‘ಕಾಜಿನವು ಮ್ಯಾಲ ಇರಲಿ, ಹುಡುಗೂರ ಕೈಗೆ ಸಿಗಬಾರದು’ ಎಂದು ತೀರ್ಪು ಕೊಟ್ಟವಳು ಕೆಂಚವ್ವ. ಬಂದವರೆಲ್ಲ ಮೇಲಿನ ಖಾನೆಯನ್ನೇ ನೋಡುವರು, ಯಾರು ತಂದದ್ದೆಂದು ಕೇಳುವರು. ಮೀನಾ ಸೆರಗು ಸರಿಮಾಡಿಕೊಂಡು ‘ನಮ್ಮಣ್ಣ’ ಅನ್ನುವಳು.

ಆ ಒಂದು ಶಬ್ದ ಗುರವ್ವನಿಗೆ ಮುಳ್ಳಾಗಿತ್ತು. ಅವಳಿಗೂ ಸಿರಸಂಗಿಯಲ್ಲಿ ಮೂವರು ಅಣ್ಣಂದಿರಿದ್ದರು, ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು. ತಾಯಿ ತೀರಿದ ಮೇಲೆ ಅವರಲ್ಲಿ ಒಬ್ಬನೂ ಪಂಚಮಿಗೆ ಕರೆಯಲು ಬಂದಿರಲಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಉಂಡಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಬಸ್ ನಿಲ್ದಾಣಕ್ಕೆ ಹೋಗಿ ಆ ಡಬ್ಬಿಯನ್ನು ಇಸಿದುಕೊಂಡು ಬರುವ ಕೆಲಸವೂ ಅವಳದೇ. ಬರುವ ದಾರಿಯಲ್ಲಿ ಯಾರಾದರೂ ‘ಅಣ್ಣಗೋಳು ಬಂದಿದ್ರೇನು’ ಎಂದರೆ, ಬಂದು ಅವಸರದಲ್ಲಿ ಹೋದರೆಂದು ಹೇಳುತ್ತಿದ್ದಳು.

ಅನುಮಾನದ ಬೀಜ ಬಿತ್ತಿದವನು ಬಳೆಗಾರ ಹುಸೇನಪೀರ. ಒಂದು ಸಲ ಬಳೆ ಇಡಿಸುತ್ತ ಕೂತಾಗ ಸುಮ್ಮನೆ ಮಾತಿಗೆ ಅಂದ, ‘ನಮ್ಮ ಹುಡುಗ ವಾಸೀಮನೂ ದುಬೈದಾಗ ಅದಾನರಿ. ಎರಡ ವರ್ಷಕ್ಕೊಮ್ಮೆ ರಜಾ ಸಿಕ್ಕರ ಅದ ದೊಡ್ಡದು.’ ಗುರವ್ವ ಕೈ ಹಿಂದೆಳೆದುಕೊಂಡಳು. ನಿಂಗರಾಜ ಪ್ರತಿ ವರ್ಷ ಬರುತ್ತಾನಲ್ಲ, ಅದೂ ಸರಿಯಾಗಿ ಪಂಚಮಿಗೆ. ಅಂದಿನಿಂದ ಅವಳಿಗೆ ಒಂದೇ ಹಟ. ಆ ಪ್ರಾಣಿಗಳು ಎಲ್ಲಿಯವು ಅನ್ನುವುದನ್ನು ಪತ್ತೆ ಹಚ್ಚಬೇಕು, ಹುಬ್ಬಳ್ಳಿಯ ಸಂತೆ ಮಾಲು ಎಂದು ನಾಲ್ಕು ಜನರ ಮುಂದೆ ತೋರಿಸಬೇಕು, ಮೇಲಿನ ಖಾನೆ ತನ್ನದಾಗಬೇಕು.

ತೊಂಬತ್ತೊಂಬತ್ತರ ಆಷಾಢದ ಕೊನೆ. ಪಂಚಮಿಗೆ ಇನ್ನೂ ವಾರವಿತ್ತು. ಮಧ್ಯಾಹ್ನ ಎಲ್ಲರೂ ಒರಗಿದಾಗ ಗುರವ್ವ ಜಿಂಕೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹುಸೇನಪೀರನ ಅಂಗಡಿಗೆ ನಡೆದಳು. ಅವನು ಅದನ್ನು ಬೆಳಕಿಗೆ ಹಿಡಿದ, ತಲೆಕೆಳಗು ಮಾಡಿದ, ಹೊಟ್ಟೆಯ ಮೇಲೆ ಉಗುರಾಡಿಸಿದ.

‘ಇದು ಬಳಿ ಮಾಡೂ ಫಿರೋಜಾಬಾದಿಂದಲ್ಲರಿ ಅಕ್ಕಾರ. ಅಲ್ಲಿ ಕಾಜು ಅಂಚಿಗೆ ಹಸರ ಕಾಣತೈತಿ, ಒಳಗ ಗುಳ್ಳಿ ಇರತಾವ. ಅಚ್ಚಿನ್ಯಾಗ ಹೊಯ್ದಿದ್ದರ ಹೊಟ್ಟಿ ಕೆಳಗ ಗೆರಿ ಬೀಳತಿತ್ತು, ಅದೂ ಇಲ್ಲ. ಯಾರೋ ಬೆಂಕಿ ಮುಂದ ಕುಂತು ಕಾಜಿನ ಕಡ್ಡಿ ಕಾಸಿ ಎಳದ ಮಾಡ್ಯಾರ.’

‘ಹಂಗಾರ ಖರೇನ ದುಬೈದೇನು?’

‘ಯಾ ಊರಾಗ ಮಾಡ್ಯಾರಂತ ನಾ ಹೆಂಗ ಹೇಳಲಿ? ಇಂಥಾ ಕಾಜು ನನ್ನ ಅಂಗಡ್ಯಾಗ ಒಮ್ಮಿನೂ ಬಂದಿಲ್ಲ, ಅಷ್ಟು ಖರೆ.’

ಅಗ್ಗದ ಮಾಲು ಅನ್ನಿಸಿಕೊಳ್ಳಲು ಹೋದವಳು ಅದರ ಹೊಗಳಿಕೆ ಕೇಳಿಕೊಂಡು ಬಂದಳು. ಹಲ್ಲು ಕಡಿಯುತ್ತ ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟಳೋ ಇಲ್ಲವೋ, ಪಡಸಾಲೆಯಿಂದ ಮೀನಾಳ ಕಾಲುಂಗುರದ ಸಪ್ಪಳ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಹಬ್ಬದ ಕರಿಯುವ ಕೆಲಸಕ್ಕೆಂದು ಗಾಣದಿಂದ ತಂದ ಕುಸುಬಿ ಎಣ್ಣೆಯ ಪಾತೇಲಿ ಎದುರಿಗೇ ಇತ್ತು. ಗುರವ್ವ ಜಿಂಕೆಯನ್ನು ಅದರೊಳಗೆ ಇಳಿಸಿಬಿಟ್ಟಳು.

‘ಅಕ್ಕಾರ, ಶೋಕೇಸಿನ್ಯಾಗ ಜಿಂಕಿ ಕಾಣವಲ್ದು.’

‘ಧೂಳ ಒರಸಾಕ ತಗದೇನಿ, ಇಡತೇನಿ ಹೋಗು’ ಎಂದಳು ಗುರವ್ವ, ಪಾತೇಲಿಗೆ ಬೆನ್ನು ಕೊಟ್ಟು.

ಮೀನಾ ಹೋದ ಮೇಲೆ ಬಗ್ಗಿ ನೋಡಿದರೆ ಜಿಂಕೆ ಇಲ್ಲ. ತಳದ ತನಕ ಬರೀ ಹಳದಿ ಎಣ್ಣೆ, ಅದರ ನಡುವೆ ಸಾಸಿವೆ ಕಾಳಿನಷ್ಟು ಎರಡು ಕಪ್ಪು ಚುಕ್ಕೆ ಅವಳನ್ನೇ ನೋಡುತ್ತಿದ್ದವು. ಕರಗಿತೇ? ಗಾಜು ಎಣ್ಣೆಯಲ್ಲಿ ಕರಗುವುದುಂಟೇ? ಕೈ ಹಾಕಿದಳು, ಬೆರಳಿಗೆ ಕಾಲು ಸಿಕ್ಕಿತು, ಕೋಡು ಸಿಕ್ಕಿತು. ಮೇಲೆತ್ತಿದರೆ ಇಡೀ ಜಿಂಕೆ ಎಣ್ಣೆ ಸುರಿಸುತ್ತ ಹೊರಬಂತು. ಕಡಲೆಹಿಟ್ಟು ಹಚ್ಚಿ ತೊಳೆದು, ಒರೆಸಿ ಸ್ವಸ್ಥಾನಕ್ಕಿಟ್ಟಳು.

ಸಂಜೆ ಗಂಡ ಗಂಗಪ್ಪನಿಗೆ, ಒರೆಸುವಾಗ ಕೈಜಾರಿತು ಎಂದು ಸುಳ್ಳು ಸೇರಿಸಿ, ಎಣ್ಣೆಯ ಕತೆ ಹೇಳಿದಳು. ಗಂಗಪ್ಪ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರು. ಅವನು ನಕ್ಕ.

‘ಅದರಾಗೇನೈತಿ? ಟೆಸ್ಟ್ ಟ್ಯೂಬಿನ ಕಾಜು ಅದು. ಪ್ರತಿ ವರ್ಷ ನಮ್ಮ ಸರ್ ಗ್ಲಿಸರಿನ್‌ನ್ಯಾಗ ಮುಳುಗಿಸಿ ಹುಡುಗೂರಿಗೆ ತೋರಸ್ತಾರ, ಬೀಕರ್ ಹಿಡಿಯಾವ ನಾನ. ಆ ಕಾಜಿನ್ಯಾಗ ಬೆಳಕು ಹೆಂಗ ಹಾಯತೈತೋ ಗ್ಲಿಸರಿನ್‌ನ್ಯಾಗೂ ಹಂಗ ಹಾಯತೈತಿ, ಕಣ್ಣಿಗೆ ಎರಡೂ ಒಂದ ಆಗತಾವ. ಕುಸುಬಿ ಎಣ್ಣಿನೂ ಹಂಗ ಇರಬೇಕು.’

ಮರುದಿನ ಒಡೆದ ಟೆಸ್ಟ್ ಟ್ಯೂಬಿನ ಚೂರು ತಂದು ಎಣ್ಣೆಗೆ ಹಾಕಿದ, ಕಾಣದಾಯಿತು. ಬಳೆಯ ಚೂರು ಹಾಕಿದ, ಬಳೆ ಬಳೆಯಾಗಿಯೇ ಕಂಡಿತು. ‘ನಮಗ ಟ್ಯೂಬು ಕೊಡಾಕ ಪುಣೆ ಕಡಿಂದ ಒಬ್ಬಾಂವ ಬರತಾನ. ಅವನ ಚೀಲದಾಗ ಒಮ್ಮೆ ಇಂಥಾದ ಒಂದು ಗುಬ್ಬಿ ನೋಡಿದ್ನಿ. ಉಳಿದ ಕಡ್ಡ್ಯಾಗ ಕೆಲಸಗಾರರು ಮಾಡತಾರಂತ. ಅಂಗಡ್ಯಾಗ ಸಿಗೂದಿಲ್ಲ’ ಎಂದ. ಹೆಂಡತಿಯ ಕಣ್ಣಲ್ಲಿ ಕುಣಿಯುತ್ತಿದ್ದದ್ದು ಆ ಸಾಧು ಮನುಷ್ಯನಿಗೆ ಕಾಣಲಿಲ್ಲ.

ನಾಲ್ಕು ದಿನ ಗುರವ್ವ ಬಾಯಿಗೆ ಬೀಗ ಹಾಕಿಕೊಂಡಳು. ಐದನೆಯ ದಿನ ನಿಂಗರಾಜ ಬಂದ. ಕೈಯಲ್ಲಿ ಗಾಜಿನ ಅಳಿಲು. ಓಣಿಯ ಹೆಂಗಸರು ನೋಡಲು ಕೂಡಿದ್ದರು, ಕೆಂಚವ್ವ ಗೋಡೆಗೊರಗಿ ಕೂತಿದ್ದಳು. ಗುರವ್ವ ದೊಡ್ಡ ಗಾಜಿನ ಬೋಗುಣಿಯಲ್ಲಿ ಎಣ್ಣೆ ತಂದು ಪಡಸಾಲೆಯ ನಡುವೆ ಇಟ್ಟಳು, ಶೋಕೇಸಿನ ಜಿಂಕೆಯನ್ನು ತೆಗೆದು ಎಲ್ಲರ ಕಣ್ಣೆದುರಿಗೆ ಮುಳುಗಿಸಿದಳು.

‘ನಿಂಗರಾಜ, ನಿಮ್ಮ ದುಬೈ ಜಿಂಕಿ ಎಲ್ಲಿ ಹೋತು ನೋಡ್ರಿ. ಇದು ಪುಣೆ ಕಡಿ ಟ್ಯೂಬಿನ ಕಾಜು ಅಂತ ನಮ್ಮ ಮನಿಯವ್ರು ಹೇಳಾಕತ್ಯಾರ. ದುಬೈಯವರೂ ಪುಣೆಕ ಬಂದು ಸಂತಿ ಮಾಡತಾರೇನು?’

ಹೆಂಗಸರು ಕತ್ತು ಚಾಚಿ ಬೋಗುಣಿಯೊಳಗೆ ನೋಡಿದರು. ಆ ಒಂದು ಗಳಿಗೆ ಗುರವ್ವನಿಗೆ ಐದು ವರ್ಷದ ಸಂಕಟವೆಲ್ಲ ಇಳಿದಂತಾಯಿತು, ಮೈ ಹಗುರವಾಯಿತು. ಮೀನಾ ಅಣ್ಣನ ಮುಖ ನೋಡಿದಳು. ಅವಳಿಗೂ ಏನೂ ಗೊತ್ತಿರಲಿಲ್ಲ.

ನಿಂಗರಾಜ ತಲೆ ತಗ್ಗಿಸಿಯೇ ಹೇಳಿದ. ‘ನಾ ದುಬೈಕ ಹೋಗೇ ಇಲ್ರಿ. ಮುಂಬೈದಾಗ ವೀಸಾ ಕೊಡಸತೇನಂತ ಒಬ್ಬಾಂವ ಮೋಸ ಮಾಡಿದ. ಊರಾಗ ಅಪ್ಪ ಎಲ್ಲಾರಿಗೂ ಹೇಳಿಬಿಟ್ಟಿದ್ದ, ತಿರಗಿ ಬರಾಕ ಮಾರಿ ಇರಲಿಲ್ಲ. ಪುಣೆದಾಗ ಟ್ಯೂಬ್ ಮಾಡೂ ಕಾರ್ಖಾನ್ಯಾಗ ಅದೇನಿ. ಇವನ್ನ ಪಾಳಿ ಮುಗದ ಮ್ಯಾಲ ನಾನ ಮಾಡತೇನಿ.’ ಅವನು ಅಂಗೈ ಬಿಚ್ಚಿದ. ಬೆರಳ ತುದಿಗಳೆಲ್ಲ ಸುಟ್ಟು ಸುಟ್ಟು ದಡ್ಡುಗಟ್ಟಿದ್ದವು.

ಗುರವ್ವ ಅತ್ತೆಯ ಕಡೆ ನೋಡಿದಳು, ಈಗ ಬೈಗುಳ ಶುರುವಾಗುತ್ತದೆ ಎಂದು. ಕೆಂಚವ್ವ ಮುಂದಕ್ಕೆ ಸರಿದು ಆ ಬೆರಳುಗಳನ್ನು ಹಿಡಿದುಕೊಂಡಳು. ‘ಇದರ ಕಾಲ ಇಷ್ಟ ಸಣ್ಣಗ ಹೆಂಗ ಎಳದಿಯೋ ಮಗನ?’ ಅಂದಳು. ಮೀನಾ ಎಣ್ಣೆಯೊಳಗೆ ಕೈಯಿಟ್ಟು ಜಿಂಕೆಯನ್ನು ತೆಗೆದಳು, ಹಬ್ಬದ ಸೀರೆಯ ಸೆರಗಿನಿಂದಲೇ ಒರೆಸಿದಳು, ಒರೆಸುತ್ತ ಅಳತೊಡಗಿದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಅಳಿಲನ್ನು ಮುಟ್ಟಿ ನೋಡಿದರು. ದುಬೈಯ ಮಾಲನ್ನು ದುಡ್ಡಿದ್ದ ಯಾರ ಅಣ್ಣನೂ ತಂದಾನು. ಕೈ ಸುಟ್ಟುಕೊಂಡು ಮಾಡಿ ತರುವ ಅಣ್ಣ ಯಾರಿಗಿದ್ದಾನೆ? ಸಂಜೆಯೊಳಗೆ ಓಣಿಯಲ್ಲೆಲ್ಲ ಅದೇ ಮಾತು.

ಗುರವ್ವ ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ಮೊದಲು ಹೊಟ್ಟೆಯುರಿದದ್ದು ಸಾಮಾನಿನ ಮೇಲೆ, ಈಗ ಉರಿದದ್ದು ಆ ದಡ್ಡುಗಟ್ಟಿದ ಬೆರಳುಗಳ ಮೇಲೆ. ಅಂಥ ಬೆರಳು ಸಿರಸಂಗಿಯ ಮೂರು ಮನೆ ಹುಡುಕಿದರೂ ತನ್ನ ಪಾಲಿಗಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಡುವಾಗ ನಿಂಗರಾಜ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

‘ಅಕ್ಕಾರ, ಸುಳ್ಳ ಹೇಳಿ ಹೇಳಿ ನನಗೂ ಸಾಕಾಗಿತ್ತು. ಬರೂ ಪಂಚಮಿಗೆ ನಿಮಗೂ ಒಂದು ತರತೇನಿ. ಏನ ಬೇಕು ಹೇಳ್ರಿ.’

ಅವನ ಮೇಲೆ ಅವಳಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಗುರವ್ವ ಒಲೆಯ ಕಡೆ ಮುಖ ಮಾಡಿ ಏನೂ ಬೇಡ ಎಂದಳು.

ಎರಡು ಸಾವಿರದ ಪಂಚಮಿಗೆ ಅವನು ನವಿಲು ತಂದ. ಗುರವ್ವನ ಕೈಗೇ ಕೊಟ್ಟ. ನೀಲಿ ಕುತ್ತಿಗೆ, ಗರಿಗೊಂದೊಂದು ಹಸಿರು ಚುಕ್ಕೆ. ಮೀನಾಳ ಯಾವ ಪ್ರಾಣಿಗೂ ಅಷ್ಟು ಕೆಲಸ ಹಿಡಿದಿರಲಿಲ್ಲ. ಗುರವ್ವ ಅದನ್ನು ಮೇಲಿನ ಖಾನೆಯ ನಟ್ಟನಡುವೆ ಇಟ್ಟಳು.

ದೀಪಾವಳಿಯ ಹೊತ್ತಿಗೆ ಕಿತ್ತೂರಿನಿಂದ ದೂರದ ಬೀಗಿತ್ತಿಯೊಬ್ಬಳು ಬಂದಳು. ಚಹಾ ಬರುವ ತನಕ ಶೋಕೇಸಿನ ಮುಂದೆ ನಿಂತು ನೋಡಿ, ‘ಈ ನವಿಲು ಭಾಳ ಚಂದ ಐತಿ, ಯಾರ ತಂದಾರರಿ?’ ಎಂದು ಕೇಳಿದಳು.

ಗುರವ್ವ ಸೆರಗು ಸರಿಮಾಡಿಕೊಂಡಳು. ‘ನಮ್ಮ ತಮ್ಮ’ ಎಂದಳು. ‘ನನಗಂತ ತನ್ನ ಕೈಯಾರೆ ಮಾಡಿ ತಂದಾನ.’

ಮೀನಾ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಬಂದವಳಿಗೆ ಕಪ್ಪು ಕೊಟ್ಟಳು, ಗುರವ್ವನಿಗೆ ಕೊಡುವಾಗ ಮಾತ್ರ ಕೈಗೆ ಕೊಡದೆ ನೆಲದ ಮೇಲೆ ಇಟ್ಟು ಒಳಗೆ ಹೋದಳು. ಅವಳ ಮುಖದಲ್ಲಿ ಕಂಡದ್ದು ಏನೆಂದು ಗುರವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದವಳು ಅವಳೇ.