ಹೆಬ್ಬೆರಳಿನ ಕಲಮು

೧೯೭೫ರಲ್ಲಿ ನಾನು ಮದ್ದೂರಿನ ಶಾಖಾ ಗ್ರಂಥಾಲಯದ ಗ್ರಂಥಪಾಲಕನಾಗಿದ್ದೆ. ಮಳವಳ್ಳಿಯಲ್ಲೂ ಮಂಡ್ಯದಲ್ಲೂ ಕೆಲಸ ಮಾಡಿ ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಈ ವೃತ್ತಿಯಲ್ಲಿ ಓದುಗರಿಗೆ ಕಾಣದ ಒಂದು ಕೆಲಸವಿದೆ. ಒಂದೇ ಹೆಸರಿನ ಎರಡು ಪುಸ್ತಕ ಕೈಗೆ ಬಂದರೆ ಯಾವುದು ಮೊದಲಿನದು, ಯಾವುದು ತಿದ್ದಿ ಅಚ್ಚು ಹಾಕಿದ್ದು ಎಂದು ಗುರುತಿಸಬೇಕು. ರಕ್ಷಾಪುಟ ಹರಿದುಹೋಗಿ ಇಸವಿ ಇರುವ ಹಾಳೆಯೂ ಬಿದ್ದುಹೋದ ಪುಸ್ತಕಗಳಲ್ಲಿ ಇದು ಕಷ್ಟ. ಆ ಕೆಲಸವನ್ನು ನಾನು ಒಮ್ಮೆ ಕೇರಂ ಬೋರ್ಡಿನ ಮುಂದೆ ನಿಂತು ಮಾಡಬೇಕಾಯಿತು. ಅಲ್ಲಿ ಕಂಡಿದ್ದನ್ನು ಕಂಡಷ್ಟೇ ಹೇಳುತ್ತೇನೆ. ಇಷ್ಟು ವರ್ಷ ಕಳೆದರೂ ಅದನ್ನು ನೆನೆದಾಗ ನನ್ನ ಮನಸ್ಸು ಸಮಾಧಾನಕ್ಕೆ ಬರುವುದಿಲ್ಲ.

ಗ್ರಂಥಾಲಯದ ಪಕ್ಕದ ಹಾಲ್‌ನಲ್ಲಿ ಪ್ರತಿ ದಸರಾ ರಜೆಗೆ ಕೇರಂ ಪಂದ್ಯಾವಳಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಅಲ್ಲಿಯ ಆಟಗಾರರ ಸಂಘದವರು. ಅದರ ಕಾರ್ಯದರ್ಶಿ ನಂಜುಂಡಯ್ಯ ಮೇಷ್ಟ್ರು, ನಿವೃತ್ತ ಶಿಕ್ಷಕರು. ಹಿಂದಿನ ವರ್ಷ, ಅಂದರೆ ೧೯೭೪ರಲ್ಲಿ, ಬೆಂಗಳೂರಿನ ಒಂದು ಕಾರ್ಖಾನೆಯವರು ತಮ್ಮ ಕೇರಂ ತಂಡಕ್ಕೆ ಒಬ್ಬನನ್ನು ಇಲ್ಲಿಂದ ತೆಗೆದುಕೊಳ್ಳುವುದಾಗಿ ಹೇಳಿದ್ದರು. ಗೆದ್ದವನಿಗೆ ಪಂದ್ಯಾವಳಿಯ ಕಪ್ ಜೊತೆಗೆ ಕಾಯಂ ಕೆಲಸ. ವಯಸ್ಸು ಇಪ್ಪತ್ತೆಂಟು ದಾಟಿರಬಾರದು.

ಆ ವರ್ಷ ಫೈನಲ್‌ಗೆ ಬಂದವರು ಇಬ್ಬರು. ಒಬ್ಬ ಮೇಷ್ಟರ ಮಗ ಮುರಳಿ, ಬಿ.ಎ. ಓದುತ್ತಿದ್ದವನು. ಇನ್ನೊಬ್ಬ ಕೊಪ್ಪದ ಸಿದ್ದರಾಜು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಸಿದ್ದರಾಜುವಿನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಅದಕ್ಕೆ ಸಿಕ್ಕಿ ಹೋಗಿದ್ದವು. ಹಾಗಾಗಿ ಹೆಬ್ಬೆರಳಿನಿಂದಲೇ ಸ್ಟ್ರೈಕರ್ ಹೊಡೆಯುತ್ತಿದ್ದ. ಮೊದಲ ಸುತ್ತುಗಳಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಫೈನಲ್‌ನ ಕೊನೆಯ ಆಟದಲ್ಲಿ, ಅವನು ಉಳಿದ ಒಂದೇ ಕಾಯಿಯನ್ನೂ ಬೀಳಿಸಿದ ಕೂಡಲೇ, ಮುರಳಿ ಕೈ ಎತ್ತಿ “ಹೆಬ್ಬೆರಳು!” ಎಂದ. ಮೇಷ್ಟ್ರು ರಾಜ್ಯ ಕೇರಂ ಸಂಸ್ಥೆಯ ನಿಯಮಾವಳಿಯ ಪುಸ್ತಿಕೆ ತೆಗೆದು ಹದಿನೇಳನೆಯ ಕಲಮನ್ನು ಗಟ್ಟಿಯಾಗಿ ಓದಿದರು: “ಹೆಬ್ಬೆರಳಿನಿಂದ ಹೊಡೆಯತಕ್ಕದ್ದಲ್ಲ. ಹೊಡೆದಲ್ಲಿ ಆ ಆಟವು ಎದುರಾಳಿಗೆ ಸೇರುವುದು.” ಮುರಳಿ ಗೆದ್ದ. ಓದು ಮುಗಿಸಿ ಮುಂದಿನ ವರ್ಷವೂ ಗೆದ್ದು ತೋರಿಸಲಿ, ಅಲ್ಲಿಯವರೆಗೆ ಜಾಗ ಖಾಲಿ ಇಟ್ಟಿರುತ್ತೇವೆ ಎಂದು ಕಾರ್ಖಾನೆಯವರು ಹೇಳಿ ಹೋದರು.

ಸಿದ್ದರಾಜು ಗಲಾಟೆ ಮಾಡಲಿಲ್ಲ. ಮೇಷ್ಟರ ಹತ್ತಿರ ಹೋಗಿ, “ಆ ಪುಸ್ತಕ ನಂಗ್ ಕೊಟ್ಬುಡಿ ಮ್ಯಾಷ್ಟ್ರೆ. ಓದಿ ಕಲ್ತ್ಕತೀನಿ,” ಎಂದ. ಸುತ್ತಲಿದ್ದವರು ನಕ್ಕರು. ಮೇಷ್ಟ್ರೂ ನಕ್ಕು, “ತಗೊಳ್ಳಯ್ಯಾ, ಚೆನ್ನಾಗಿ ಬಾಯಿಪಾಠ ಮಾಡು,” ಎಂದು ಕೊಟ್ಟರು.

ಒಂದು ವರ್ಷ ಅವನು ಎಡಗೈಯಲ್ಲಿ ಆಡುವುದನ್ನು ಕಲಿತ. ಕೊಪ್ಪದ ಹೋಟೆಲಿನಲ್ಲಿ ಬೋರ್ಡು ಇಟ್ಟುಕೊಂಡು, ಎಡಗೈಯ ತೋರುಬೆರಳಿನ ಉಗುರು ಕಪ್ಪಾಗುವವರೆಗೆ ಹೊಡೆಯುತ್ತಾನೆಂದು ಅವನ ಗೆಳೆಯ ನಿಂಗರಾಜು ನನಗೆ ಹೇಳಿದ್ದ. “ಏನ್ ಬಂತು ಸಾ, ಇಪ್ಪತ್ತೆಂಟು ತುಂಬೋಯ್ತು ಅವ್ನಿಗೆ. ಗೆದ್ರೂ ಕೆಲ್ಸ ಕೊಡಕಿಲ್ಲ. ಆದ್ರೂ ಬುಡ್ತಾ ಇಲ್ಲ.”

೧೯೭೫ರ ದಸರಾದಲ್ಲಿ ಅದೇ ಇಬ್ಬರು ಫೈನಲ್‌ಗೆ ಬಂದರು. ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಕಾರ್ಖಾನೆಯ ಕ್ರೀಡಾ ಅಧಿಕಾರಿಯೂ ಬಂದಿದ್ದರು. ಸಿದ್ದರಾಜು ಎಡಗೈಯಲ್ಲಿ ನಿಧಾನವಾಗಿ, ತಪ್ಪಿಲ್ಲದೆ ಆಡಿದ. ಒಂದೊಂದು ಆಟ ಇಬ್ಬರಿಗೂ ಹೋಯಿತು. ಮೂರನೆಯ ಆಟದಲ್ಲಿ ಮುರಳಿಗೆ ಉಳಿದದ್ದು ಒಂದೇ ಕಾಯಿ. ಅದು ಅವನು ಸ್ಟ್ರೈಕರ್ ಇಡುವ ಗೆರೆಯ ಹಿಂದೆ ಕುಳಿತಿತ್ತು. ಅಂಥ ಕಾಯಿಗೆ ಸ್ಟ್ರೈಕರನ್ನು ತಮ್ಮ ಕಡೆಗೇ ಹಿಂದಕ್ಕೆ ಹೊಡೆಯುವುದಕ್ಕೆ ಹೆಚ್ಚಿನ ಆಟಗಾರರು ಹೆಬ್ಬೆರಳನ್ನೇ ಬಳಸುತ್ತಾರೆ. ಸಿದ್ದರಾಜು ಆ ಕಾಯಿಯನ್ನು ಅಲ್ಲಿಗೆ ತಳ್ಳಿದ್ದು ಆಕಸ್ಮಿಕವೆಂದು ನನಗೆ ಆಗಲೂ ಅನ್ನಿಸಲಿಲ್ಲ. ಮುರಳಿ ಅಭ್ಯಾಸಬಲದಿಂದ ಹೆಬ್ಬೆರಳಿನಲ್ಲಿ ಹೊಡೆದ. ಕಾಯಿ ಬಿತ್ತು. ಜನ ಚಪ್ಪಾಳೆ ತಟ್ಟಿದರು.

ಸಿದ್ದರಾಜು ಎರಡು ಬೆರಳಿಲ್ಲದ ಬಲಗೈಯನ್ನು ಬೋರ್ಡಿನ ಮೇಲೆ ಇಟ್ಟ. “ಎಬ್ಬೆಟ್ಟು,” ಎಂದ.

ಮೇಷ್ಟ್ರು ಎದ್ದು, “ನೋಡಪ್ಪಾ, ಆ ಕಲಮು ಈಗಿಲ್ಲ. ಈ ವರ್ಷ ಹೊಸ ಪುಸ್ತಕ ಬಂದಿದೆ. ಯಾವ ಬೆರಳಾದರೂ ಆಗುತ್ತೆ,” ಎಂದು ಮೇಜಿನ ಡ್ರಾಯರಿನಿಂದ ಇನ್ನೊಂದು ಪುಸ್ತಿಕೆ ತೆಗೆದರು. ಸಿದ್ದರಾಜು ಅಂಗಿಯ ಜೇಬಿನಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟ. ಎರಡಕ್ಕೂ ರಕ್ಷಾಪುಟವಿರಲಿಲ್ಲ, ಇಸವಿಯೂ ಇರಲಿಲ್ಲ.

ನಿಂಗರಾಜು ಬಗ್ಗಿ ನೋಡಿ ಕೂಗಿದ: “ಲೇ, ಎರಡ್ರಲ್ಲೂ ಮೈಸೂರು ರಾಜ್ಯ ಅಂತ್ಲೇ ಅದೆ ಕಣ್ರಲಾ! ಕರ್ನಾಟಕ ಆಗಿ ಎರಡ್ ವರ್ಸ ಆಯ್ತಾ ಬಂತು. ಈ ವರ್ಸ ಬಂದಿದ್ದಂತೆ! ಮ್ಯಾಷ್ಟ್ರಿಗಿನ್ನೂ ಮಾರಾಜ್ರೇ ಕಾಗ್ದ ಬರೀತಾವ್ರೇನೊ!”

ಹಾಲ್ ತುಂಬ ನಗು. ಎರಡೂ ಹಳೆಯವು ಎಂದು ಕೆಲವರು, ಎರಡೂ ಒಂದೇ ಎಂದು ಕೆಲವರು ಕೂಗಾಡಿದರು. ಅಧಿಕಾರಿ ಬೇಸರದಿಂದ, “ಇದನ್ನು ನೋಡಿ ಹೇಳುವವರು ಯಾರಾದರೂ ಇದ್ದಾರಾ?” ಎಂದರು. “ಲೈಬ್ರರಿ ಸಾ ಇಲ್ಲೇ ಅವ್ರಲ್ಲಾ,” ಎಂದು ಯಾರೋ ನನ್ನನ್ನು ತೋರಿಸಿದರು.

ನಾನು ಎರಡನ್ನೂ ಕಿಟಕಿಯ ಬಳಿ ಒಯ್ದೆ. “ಮೈಸೂರು ರಾಜ್ಯ” ಎಂಬ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ಮೊದಲೇ ಹೇಳಿದೆ. ಸಣ್ಣ ಮುದ್ರಣಾಲಯಗಳು ಶೀರ್ಷಿಕೆಯ ಅಚ್ಚುಮೊಳೆಗಳನ್ನು ಬಿಚ್ಚದೆ ಹಾಗೆಯೇ ಕಟ್ಟಿ ಇಟ್ಟಿರುತ್ತವೆ. ಒಳಗೆ ತಿದ್ದಿದರೂ ಮೇಲಿನದು ಹಳೆಯದೇ ಇರುತ್ತದೆ. ನಾನು ನೋಡಿದ್ದು ಬೋರ್ಡಿನ ಚಿತ್ರವನ್ನು. ಚಿತ್ರ ಅಚ್ಚಾಗುವುದು ಲೋಹದ ಬ್ಲಾಕಿನಿಂದ. ಬ್ಲಾಕು ಬಳಸಿದಷ್ಟೂ ಸವೆಯುತ್ತದೆ, ಮುರಿದ ಗೆರೆ ಮತ್ತೆ ಕೂಡುವುದಿಲ್ಲ. ಸಿದ್ದರಾಜುವಿನ ಪುಸ್ತಿಕೆಯಲ್ಲಿ ಎಡ ಮೂಲೆಯ ವೃತ್ತ ಪೂರ್ತಿ ಇತ್ತು. ಮೇಷ್ಟರ ಪುಸ್ತಿಕೆಯಲ್ಲಿ ಅದೇ ವೃತ್ತ ಒಂದು ಕಡೆ ತುಂಡಾಗಿತ್ತು. ಹಾಗಾದರೆ ಮೇಷ್ಟರದೇ ನಂತರದ್ದು.

“ನಾನು ಹೇಳಲಿಲ್ಲವೇ?” ಎಂದರು ಮೇಷ್ಟ್ರು.

ಎಷ್ಟು ನಂತರ ಎಂಬುದು ಇನ್ನೂ ತಿಳಿದಿರಲಿಲ್ಲ. ಈ ನಿಯಮಾವಳಿಯ ಒಂದು ಪ್ರತಿ ನಮ್ಮ ಕಪಾಟಿನಲ್ಲೂ ಇತ್ತು. ಹೋಗಿ ತಂದೆ. ಅದರಲ್ಲೂ ವೃತ್ತ ಅದೇ ಜಾಗದಲ್ಲಿ ತುಂಡಾಗಿತ್ತು, ಹೆಬ್ಬೆರಳಿಗೆ ಅನುಮತಿಯೂ ಇತ್ತು. ಒಳಪುಟದಲ್ಲಿ ಗ್ರಂಥಾಲಯಕ್ಕೆ ಬಂದ ದಿನದ ಮೊಹರು ಇತ್ತು: ೧೯೭೪ರ ಫೆಬ್ರವರಿ. ಅಂದರೆ ಹಿಂದಿನ ವರ್ಷದ ಫೈನಲ್ ನಡೆಯುವುದಕ್ಕೆ ಮೊದಲೇ ಹೊಸ ನಿಯಮ ಊರಿಗೆ ಬಂದಿತ್ತು. ಮೊಹರನ್ನು ಗಟ್ಟಿಯಾಗಿ ಓದಿ, ಪುಸ್ತಿಕೆಯನ್ನು ಬೋರ್ಡಿನ ಮೇಲಿಟ್ಟೆ.

ಅಧಿಕಾರಿ ಸಿದ್ದರಾಜುವಿನ ಕಡೆ ತಿರುಗಿದರು. “ಹಾಗಾದರೆ ಹೋದ ವರ್ಷ ನಿಮಗೆ ಅನ್ಯಾಯವಾಗಿದೆ. ಆ ಜಾಗ ಇನ್ನೂ ಖಾಲಿ ಇದೆ. ಹೊಸ ನಿಯಮವೇ ಜಾರಿಯಲ್ಲಿತ್ತು, ಹೋದ ವರ್ಷದ ತೀರ್ಪು ತಪ್ಪು ಎಂದು ಸಂಘದವರು ಬರೆದುಕೊಡಲಿ. ಆಗ ನಿಮ್ಮ ವಯಸ್ಸು ಸರಿಯಿತ್ತು. ಕೆಲಸ ನಿಮ್ಮದೇ. ಆದರೆ ಹೊಸ ನಿಯಮವಾದರೆ ಇವತ್ತು ಈ ಹುಡುಗ ಹೊಡೆದದ್ದೂ ಸರಿ. ಆಟ ಅವನು ಗೆದ್ದಂತೆ.”

“ಹಳೇದು ನಡ್ಸುದ್ರೆ?” ಎಂದು ಕೇಳಿದ ಸಿದ್ದರಾಜು.

“ಹಳೆಯದಾದರೆ ಇವತ್ತು ಅವನು ಸೋತ. ನೀವು ಹೋದ ವರ್ಷ ಸೋತದ್ದೂ ಸರಿ. ಇವತ್ತು ನೀವು ಗೆದ್ದರೂ ವಯಸ್ಸು ದಾಟಿದೆ. ಇಬ್ಬರಿಗೂ ಕೆಲಸವಿಲ್ಲ.”

ನಿಂಗರಾಜು ಅವನ ತೋಳು ಹಿಡಿದು ಅಲ್ಲಾಡಿಸಿದ. “ಲೇ ಸಿದ್ದ, ಊಂ ಅನ್ಲಾ! ಗೆದ್ರೆ ಗೆದ್ಕಂಡ್ ಓಗ್ಲಿ ಆ ಮ್ಯಾಷ್ಟ್ರ ಮಗ, ಬರೀ ಕಪ್ಪು ಕಣ್ಲಾ ಅದು. ಕೆಲ್ಸ ನಿಂದು. ಇನ್ನೆಷ್ಟ್ ದಿನ ಗಾಣಕ್ಕೆ ಕಬ್ ಕೊಟ್ಟೀಯ?”

ಸಿದ್ದರಾಜು ತೋಳು ಬಿಡಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾದವನ ನೆಮ್ಮದಿಯಂಥದ್ದೊಂದು ಇತ್ತು. ಅವನು ಹಳೆಯ ಪುಸ್ತಿಕೆಯನ್ನು ಎತ್ತಿ, ಹದಿನೇಳನೆಯ ಕಲಮಿನ ಪುಟ ಬಿಡಿಸಿ, ಮೇಷ್ಟರ ಮುಂದೆ ಹಿಡಿದ.

“ಕಳೆದ್ ವರ್ಸ ನೀವೇ ಓದುದ್ರಿ. ಈಗ್ಲೂ ನೀವೇ ಓದಿ.”

“ಸಿದ್ದರಾಜು, ನಿನಗೆ ಒಳ್ಳೇದಾಗೋ ಮಾತು ಹೇಳ್ತಿದ್ದಾರಲ್ಲಯ್ಯಾ,” ಎಂದರು ಮೇಷ್ಟ್ರು. ಅವರ ದನಿ ಇಳಿದಿತ್ತು.

“ನಂಗ್ ಒಳ್ಳೇದು ಬ್ಯಾಡ ಮ್ಯಾಷ್ಟ್ರೆ. ಒಸಾ ಪುಸ್ತಕ ಓದಂಗಿದ್ರೆ, ಅದು ಕಳೆದ್ ವರ್ಸವೇ ಡ್ರಾಯರ್‌ನಲ್ಲಿತ್ತು, ಬೇಕೂಂತ್ಲೇ ತೆಗೀಲಿಲ್ಲ ಅಂತ ಈ ಜನದ್ ಮುಂದೆ ಒಪ್ಕಳಿ. ಇಲ್ಲಾಂದ್ರೆ ಇದ್ನ ಓದಿ. ಎರಡ್ರಲ್ಲಿ ಒಂದು.”

ಮೇಷ್ಟ್ರು ಜನರ ಕಡೆ ನೋಡಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅವರ ಶಿಷ್ಯರು. ಮುರಳಿ ಸ್ಟೂಲಿನಿಂದ ಎದ್ದು, “ಅಣ್ಣಾ, ಹೇಳಿಬಿಡಿ. ಹೇಳಿದರೆ ಏನಾಗುತ್ತೆ? ನಾನು ಗೆಲ್ತೀನಿ, ಅವರಿಗೆ ಕೆಲಸ ಸಿಗುತ್ತೆ,” ಎಂದ. ಅವನು ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದ. ಆ ಮಾತನ್ನು ನಾನು ನಾಲ್ಕು ಅಡಿ ದೂರದಿಂದ ಕೇಳಿಸಿಕೊಂಡೆ. ತಪ್ಪು ಕೇಳಿರುವ ಸಾಧ್ಯತೆಯಿಲ್ಲ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಹಳೆಯ ಪುಸ್ತಿಕೆಯನ್ನು ತೆಗೆದುಕೊಂಡರು. “ಹೆಬ್ಬೆರಳಿನಿಂದ ಹೊಡೆಯತಕ್ಕದ್ದಲ್ಲ,” ಎಂದು ಓದಿದರು. ಸಿದ್ದರಾಜು, “ಪೂರ್ತಿ,” ಎಂದ. “ಹೊಡೆದಲ್ಲಿ ಆ ಆಟವು ಎದುರಾಳಿಗೆ ಸೇರುವುದು,” ಎಂದು ಮುಗಿಸಿದರು.

ಅಧಿಕಾರಿ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ಬಸ್ಸಿಗೆ ಹೊರಟರು. ಮುರಳಿ ಅಪ್ಪನ ಜೊತೆ ಮನೆಗೆ ಹೋಗಲಿಲ್ಲ. ಅಂದು ಅವನು ಬೆಳಕವಾಡಿಯ ಸೋದರಮಾವನ ಮನೆಗೆ ಹೋದವನು ಅಲ್ಲಿಯೇ ಉಳಿದನೆಂದು ನಂತರ ಕೇಳಿದೆ. ಮೇಷ್ಟ್ರು ಸಂಘವನ್ನು ಬಿಟ್ಟರು. ಗ್ರಂಥಾಲಯಕ್ಕೆ ಪತ್ರಿಕೆ ಓದಲು ಬರುತ್ತಿದ್ದರೂ ನನ್ನೊಡನೆ ಮಾತಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೊಪ್ಪದ ಬಸ್ಸಿಗಾಗಿ ಕಾಯುತ್ತಿದ್ದಾಗ ಸಿದ್ದರಾಜು ಸಿಕ್ಕ. ಮೈಗೆಲ್ಲ ಬೆಲ್ಲದ ವಾಸನೆ. ಸಿಗುತ್ತಿದ್ದ ಕಾರ್ಖಾನೆಯ ಕೆಲಸ ಕೈಬಿಟ್ಟದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದೆ.

“ಕೆಲ್ಸ ಸಿಕ್ಕಿದ್ರೆ ವಯಸ್ಸಾಯ್ತು ಅಂತ ಒಂದಿನ ಮನೆಗ್ ಕಳುಸ್ಬುಡೋರು ಸಾ,” ಎಂದ. “ಮ್ಯಾಷ್ಟ್ರು ತಮ್ ಬಾಯಲ್ಲೇ ಓದುದ್ರಲ್ಲ, ಇದ್ನ ಯಾರೂ ಕಿತ್ಕಳಕ್ಕಾಗಕಿಲ್ಲ.” ಬಸ್ಸು ಬರುವ ದಾರಿಯತ್ತ ತಿರುಗಿ, “ನಿಂಗರಾಜ ಮಾತ್ರ ನನ್ ಜೊತೆ ಮಾತು ಬುಟ್ಬುಟ್ಟ,” ಎಂದ.

ಆಮೇಲೆ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆ. ಯಾವುದು ಹೊಸ ಮುದ್ರಣ ಎಂದು ಕೇಳಿಕೊಂಡು ವಕೀಲರು ಬಂದರು, ಶಿಕ್ಷಕರು ಬಂದರು, ಜಗಳವಾಡಿಕೊಂಡ ಅಣ್ಣತಮ್ಮಂದಿರು ಬಂದರು. ನೋಡಿ, ಹೊಂದಿಸಿ, ಕಂಡದ್ದನ್ನು ಹೇಳಿದೆ. ಹಾಗೆ ಕೇಳುವವರೆಲ್ಲ ಸರಿಯಾದ ಪುಸ್ತಕವನ್ನೇ ಹುಡುಕಿಕೊಂಡು ಬಂದಿರುತ್ತಾರೆ ಎಂದು ನಾನು ಮತ್ತೆಂದೂ ಭಾವಿಸಲಿಲ್ಲ. ಕೆಲವರಿಗೆ ತಮ್ಮನ್ನು ಹೊಡೆದ ಪುಸ್ತಕವೇ ಬೇಕಾಗಿರುತ್ತದೆ.